ಗಾಜಿನ ಮೇಲೆ ಮಿಕ್ಕ ಸಿಮೆಂಟು

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಗಾಜಿನ ತುಂಡು. ಬೆಳಿಗ್ಗೆ ಎಂಟೂವರೆಗೆ, ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಚಿಕ್ಕ ಡಾಕ್ಟರ್ ಅದನ್ನು ತೊಳೆದು, ಒರೆಸಿ, ಹಾಲಿನ ಪಾತ್ರೆಯ ಹತ್ತಿರ ಬಂದ ಬೆಕ್ಕಿನಂತೆ ಅತ್ತಿತ್ತ ನೋಡಿ, ಔಷಧಿಯ ಫ್ರಿಜ್ಜಿನೊಳಗೆ ಇಟ್ಟ. ಬಾಗಿಲು ಮುಚ್ಚುವಾಗ ಅವನಿಗೆ ತಾನು ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಬುದ್ಧಿ ಉಪಯೋಗಿಸಿದೆ ಅನ್ನಿಸಿತು. ಆ ಅನ್ನಿಸಿಕೆ ಸರಿಯಾಗಿ ಎರಡೂವರೆ ಗಂಟೆ ಬಾಳಿತು.

ಗಾಜಿನ ಕೆಲಸ ದೊಡ್ಡದೇನಲ್ಲ. ಹಲ್ಲಿಗೆ ಕ್ಯಾಪು ಕೂರಿಸುವ ಸಿಮೆಂಟನ್ನು ಅದರ ಮೇಲೆ ಕಲಸುತ್ತಾರೆ. ಒಂದು ಟ್ಯೂಬಿನಿಂದ ಬಿಳಿ, ಇನ್ನೊಂದರಿಂದ ಹಳದಿ; ಎರಡೂ ಸೇರಿದರೆ ಕೆಲವೇ ನಿಮಿಷಕ್ಕೆ ಕಲ್ಲು. ನೀಲಿ ಬೆಳಕು ಬಿಟ್ಟರೆ ತಟ್ಟನೆ ಗಟ್ಟಿಯಾಗುವ ಜಾತಿಯೂ ಉಂಟು. ಆದರೆ ಲೋಹದ ಕ್ಯಾಪಿನೊಳಗೆ ಬೆಳಕು ನುಗ್ಗುವುದಿಲ್ಲವಾದ್ದರಿಂದ ಈ ಕ್ಲಿನಿಕ್ಕಿನಲ್ಲಿ ತಾನಾಗಿ ಗಟ್ಟಿಯಾಗುವುದನ್ನೇ ಬಳಸುತ್ತಿದ್ದರು. ಕ್ಯಾಪಿನ ಅಡಿಯಲ್ಲಿ ಅದು ಗಟ್ಟಿಯಾಯಿತೋ ಇಲ್ಲವೋ ಕಣ್ಣಿಗೆ ಕಾಣದು. ಅದಕ್ಕೇ ದೊಡ್ಡ ಡಾಕ್ಟರಮ್ಮನ ಒಂದು ಕಾನೂನು ಇತ್ತು: ಕಲಸಿ ಮಿಕ್ಕಿದ್ದು ಗಾಜಿನ ಮೇಲೇ ಇರಲಿ, ಅದನ್ನು ಮೊನಚು ಕಡ್ಡಿಯಿಂದ ಕುಟ್ಟಿ ನೋಡುತ್ತಿರಿ, ಅದು ‘ಟಕ್’ ಅನ್ನುವವರೆಗೆ ಕ್ಯಾಪಿನ ಮೇಲಿನ ಬೆರಳು ತೆಗೆಯಬೇಡಿ. ಈ ಕಾನೂನಿನ ಬಲದಿಂದ ಇಪ್ಪತ್ತೈದು ವರ್ಷದಲ್ಲಿ ಅವರು ಕೂರಿಸಿದ ಒಂದು ಕ್ಯಾಪೂ ಬಿದ್ದಿರಲಿಲ್ಲ.

ಚಿಕ್ಕ ಡಾಕ್ಟರ್ ಕೂರಿಸಿದ್ದು ಮೂರು ತಿಂಗಳಲ್ಲಿ ಮೂರು ಬಿದ್ದಿದ್ದವು. ಮೊದಲನೆಯದು ಒಬ್ಬ ಸಂಗೀತದ ಟೀಚರ್ ಮೇಲಿನ ಸ್ವರ ಹಿಡಿದಾಗ ಹಾರಿ ಹಾರ್ಮೋನಿಯಂ ಮೇಲೆ ಬಿದ್ದು ತಾನೂ ಒಂದು ಸ್ವರ ನುಡಿಸಿತ್ತು. ಎರಡನೆಯದು ಕೋರ್ಟಿನ ಗುಮಾಸ್ತರೊಬ್ಬರು ಆರೋಪಿಯ ಹೆಸರು ಕೂಗಿದಾಗ ನ್ಯಾಯಾಧೀಶರ ಮೇಜಿಗೆ ಹೋಗಿ ಬಿದ್ದಿತ್ತು. ನ್ಯಾಯಾಧೀಶರು ಅದನ್ನು ಸಾಕ್ಷ್ಯವೆಂದು ತಿಳಿದು ನಂಬರು ಕೊಟ್ಟಿದ್ದರು. ಮೂರನೆಯದು ಈ ಎರಡನೆಯದರ ಕತೆ ಕೇಳಿ ನಗುತ್ತಿದ್ದಾಗ ಬಿತ್ತು, ಅದೂ ಅವನ ಸ್ವಂತ ಸೋದರಮಾವನ ಬಾಯಿಂದ. ಮಾವ ಅದನ್ನು ಉಂಗುರದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಬಂದವರಿಗೆಲ್ಲ “ನಮ್ಮ ಅಕ್ಕನ ಮಗನ ಕೈಗುಣ” ಎಂದು ತೋರಿಸುತ್ತಿದ್ದರು.

ಮೂರು ತಿಂಗಳ ಪರೀಕ್ಷಾ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ದೊಡ್ಡ ಡಾಕ್ಟರಮ್ಮ ನಿನ್ನೆಯೇ ಹೇಳಿದ್ದರು: “ನೋಡಪ್ಪ, ನಾಳೆ ಬೆಳಿಗ್ಗೆ ನಾನಿರಲ್ಲ, ಮಧ್ಯಾಹ್ನ ಬರ್ತೀನಿ. ಹನ್ನೊಂದಕ್ಕೆ ಒಂದು ಕ್ಯಾಪು ಇದೆ. ಬಂದು ನಾನೇ ಎಳೆದು ನೋಡ್ತೀನಿ. ನಿಂತಿದ್ರೆ ಕಾಯಂ ಪತ್ರಕ್ಕೆ ಸಹಿ. ಅಲ್ಲಾಡಿದ್ರೆ, ಪಾಪ, ನಿನಗೆ ಬೇರೆ ಏನಾದ್ರೂ ಕೆಲಸ ಒಗ್ಗಬಹುದು.”

ರಾತ್ರಿಯೆಲ್ಲ ಅವನು ಸಿಮೆಂಟಿನ ಡಬ್ಬಿಯೊಳಗಿನ ಕಾಗದವನ್ನು ಪರೀಕ್ಷೆಗೆ ಓದುವವನಂತೆ ಓದಿದ. ಶಾಖ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ, ಕಡಿಮೆಯಾದರೆ ನಿಧಾನ, ಎಂದು ಅದರಲ್ಲಿ ಬರೆದಿತ್ತು. ಅವನ ಗಾಜಿನ ಮೇಲೆ ಯಾವಾಗಲೂ ಒಂದೂವರೆ ನಿಮಿಷಕ್ಕೇ ‘ಟಕ್’ ಅನ್ನುತ್ತಿತ್ತು. ಅಂದರೆ ಆತುರವೇ ರೋಗ. ನಿಧಾನವೇ ಮದ್ದು. ನಿಧಾನ ಎಲ್ಲಿ ಸಿಗುತ್ತದೆ? ಫ್ರಿಜ್ಜಿನಲ್ಲಿ.

ಬೆಳಿಗ್ಗೆ ಮನೆ ಬಿಡುವಾಗ ಅವನ ತಾಯಿ ಬಾಗಿಲವರೆಗೆ ಬಂದು, “ಇವತ್ತೊಂದಿನ ಬೀಳಿಸ್ಬೇಡಪ್ಪ,” ಅಂದರು.

“ನಾನು ಬೀಳಿಸ್ತೀನಾ ಅಮ್ಮ? ಅದಾಗೇ ಬೀಳುತ್ತೆ.”

“ಇವತ್ತು ಅದಕ್ಕೂ ಹೇಳು,” ಅಂದರು ತಾಯಿ.

*

ಕ್ಲಿನಿಕ್ಕಿದ್ದ ಕಟ್ಟಡದಲ್ಲಿ ಎರಡು ದಿನದಿಂದ ಏಸಿಗೆ ಹುಚ್ಚು ಹಿಡಿದಿತ್ತು. ಇಡೀ ಕಟ್ಟಡಕ್ಕೆ ಒಂದೇ ಯಂತ್ರ, ನೆಲಮಾಳಿಗೆಯ ಬೀಗ ಹಾಕಿದ ಕೋಣೆಯಲ್ಲಿ. ತೆರೆಯುವಂಥ ಕಿಟಕಿ ಒಂದೂ ಇಲ್ಲ. ತಣ್ಣನೆಯ ಗಾಳಿ ಹಗಲೂ ರಾತ್ರಿ ಸುರಿಯುತ್ತಿತ್ತು. ಸ್ವಾಗತದ ಮೇಜಿನ ಅಕ್ಕ ಎರಡು ಸ್ವೆಟರಿನ ಮೇಲೆ ಗಂಡನ ಕೋಟು ಹಾಕಿಕೊಂಡು, ಕೈಗವಸಿನಲ್ಲೇ ಅಪಾಯಿಂಟ್‌ಮೆಂಟ್ ಪುಸ್ತಕದ ಹಾಳೆ ತಿರುವುತ್ತಿದ್ದಳು. ಮೂಲೆಯ ಬೆಂಚಿನಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರು ಬೆಳಿಗ್ಗೆಯಿಂದ ಕೂತಿದ್ದರು. ಅವರ ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಚಳಿಗೆ ಅದು ಅವರ ಅನುಮತಿಯಿಲ್ಲದೆ ಕಟಕಟ ಅನ್ನುತ್ತಿತ್ತು. ಮಾತಾಡುವಾಗ ನಾಲಗೆಯಿಂದ ಅದನ್ನು ಮೇಲಕ್ಕೆ ಒತ್ತಿ ಹಿಡಿದುಕೊಳ್ಳುತ್ತಿದ್ದರು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಏಸಿ ಮೆಕ್ಯಾನಿಕ್ ಬಂದ. ಒಂದು ಕೈಯಲ್ಲಿ ಉಪಕರಣದ ಪೆಟ್ಟಿಗೆ, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ಬೆಂಕಿಪೊಟ್ಟಣದೊಳಗೆ ಅವನದೇ ಹಲ್ಲಿನ ಕ್ಯಾಪು.

“ಓ, ನೀವೇನಾ ಹನ್ನೊಂದು ಗಂಟೆಯವರು?” ಅಂದಳು ಅಕ್ಕ. “ಪುಸ್ತಕದಲ್ಲಿ ಬರೀ ‘ಕ್ಯಾಪು’ ಅಂತಿದೆ.”

“ಎರಡಕ್ಕೂ ನಾನೇ. ಮೊದಲು ಏಸಿ ನೋಡಿಬಿಡ್ತೀನಿ ಅಕ್ಕ, ಹತ್ತು ನಿಮಿಷದ ಕೆಲಸ. ಇಲ್ಲಿ ಹೆಣ ಇಟ್ರೂ ಕೆಡಲ್ಲ, ಅಷ್ಟು ತಣ್ಣಗಿದೆ.”

“ಮೊದಲು ಹಲ್ಲು! ಐದು ನಿಮಿಷದ ಕೆಲಸ. ಹತ್ತು ದೊಡ್ಡದೋ ಐದು ದೊಡ್ಡದೋ? ನಡೀರಿ, ನಡೀರಿ.”

“ಅಲ್ಲಾ, ನನ್ನ ಹತ್ರ ಒಂದು...”

“ಎಲ್ಲ ಒಳಗೆ ಡಾಕ್ಟ್ರಿಗೇ ಹೇಳಿ,” ಎಂದು ಅಕ್ಕ ಅವನನ್ನು ತಳ್ಳಿಕೊಂಡೇ ಹೋಗಿ ಕುರ್ಚಿಗೆ ಒರಗಿಸಿದಳು. ಒಳಗೆ ಚಿಕ್ಕ ಡಾಕ್ಟರ್ ಎಷ್ಟು ಸಿದ್ಧನಾಗಿದ್ದನೆಂದರೆ, ಮೆಕ್ಯಾನಿಕ್ ನಮಸ್ಕಾರಕ್ಕೆ ಬಾಯಿ ತೆರೆದದ್ದೇ ತಡ, ಅದು ಮುಚ್ಚದಂತೆ ರಬ್ಬರಿನ ತುಂಡೊಂದನ್ನು ದವಡೆಗಳ ನಡುವೆ ಇಟ್ಟುಬಿಟ್ಟ. ಜೊಲ್ಲು ಹೀರುವ ಕೊಳವೆ ಗೊರಗೊರ ಶುರುವಾಯಿತು. ಮೆಕ್ಯಾನಿಕ್‌ನ ಮಾತು ಅಲ್ಲಿಗೆ ಮುಗಿಯಿತು.

ಹಲ್ಲು ಮೇಲಿನ ಸಾಲಿನ ಬಲಗಡೆಯದು. ಚಿಕ್ಕ ಡಾಕ್ಟರ್ ಅದನ್ನು ಒರೆಸಿ ಒಣಗಿಸಿದ. ಫ್ರಿಜ್ಜಿನಿಂದ ಗಾಜು ತಂದ, ಮೇಲೆ ಕಟ್ಟಿದ ಮಂಜನ್ನು ಒರೆಸಿದ, ಬಿಳಿ ಹಳದಿ ಸೇರಿಸಿ ಕಲಸಿದ. ಸಿಮೆಂಟು ಬೆಣ್ಣೆಯಂತೆ ನಯವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಬಂತು. ಕ್ಯಾಪಿನೊಳಗೆ ತುಂಬಿ, ಹಲ್ಲಿನ ಮೇಲೆ ಕೂರಿಸಿ, ನೀಲಿ ಗವಸು ತೊಟ್ಟ ತೋರುಬೆರಳಿನಿಂದ ಒತ್ತಿ ಹಿಡಿದ. ಮಿಕ್ಕಿದ್ದು ಗಾಜಿನ ಮೇಲೆ, ಬಟಾಣಿಯಷ್ಟು, ತಣ್ಣನೆಯ ಗಾಳಿ ಸುರಿಯುವ ಕಿಂಡಿಯ ನೇರ ಕೆಳಗಿನ ಮೇಜಿನಲ್ಲಿ ಕೂತಿತ್ತು.

“ಆಯ್ತು ಸಾರ್,” ಅಂದ ಚಿಕ್ಕ ಡಾಕ್ಟರ್ ತೃಪ್ತಿಯಿಂದ. “ಇನ್ನು ಇದನ್ನ ಹಾರೆ ಹಾಕಿ ಎಬ್ಬಿಸಿದ್ರೂ ಬರಲ್ಲ.”

ಮೆಕ್ಯಾನಿಕ್‌ನ ಕಣ್ಣು ಕೋಳಿಮೊಟ್ಟೆಯಷ್ಟಾದವು.

“ಆಂ?” ಅಂದ. ಆಮೇಲೆ, “ಆಂ ಆಂ! ಆಆಂ!”

“ಥ್ಯಾಂಕ್ಸ್ ಆಮೇಲೆ ಹೇಳಿ. ಈಗ ಕದಲಬೇಡಿ. ನೀವು ಕದಲಿದ್ರೆ ನನ್ನ ಕೆಲಸ ಹೋಗುತ್ತೆ.”

ಮೆಕ್ಯಾನಿಕ್ ಒಳ್ಳೆಯ ಮನುಷ್ಯ. ಇನ್ನೊಬ್ಬರ ಕೆಲಸ ಹೋಗುತ್ತದೆ ಅಂದ ಮೇಲೆ ಕದಲಲಿಲ್ಲ. ಕಣ್ಣನ್ನು ಮಾತ್ರ ಗರಗರ ತಿರುಗಿಸಿದ.

*

ಐದು ನಿಮಿಷಕ್ಕೆ ಚಿಕ್ಕ ಡಾಕ್ಟರ್ ಎಡಗೈಯ ಕಡ್ಡಿಯಿಂದ ಗಾಜಿನ ಮೇಲಿನ ಬಟಾಣಿಯನ್ನು ಚುಚ್ಚಿದ. ಕಡ್ಡಿ ಒಳಗೆ ಹೋಯಿತು, ಹೊರಗೆ ಬಂತು. ಹಿಂದೆ ಜೇನಿನಂಥ ಒಂದು ಎಳೆ. ಹತ್ತು ನಿಮಿಷಕ್ಕೂ ಎಳೆ. ಇಪ್ಪತ್ತು ನಿಮಿಷಕ್ಕೂ ಎಳೆ. ಅವನಿಗೆ ಮೊದಲು ಖುಷಿಯಾಯಿತು, ನಿಧಾನ ಅಂದರೆ ಇದಪ್ಪಾ ಎಂದು. ಆಮೇಲೆ ಗಾಬರಿಯಾಯಿತು. ಆಮೇಲೆ ಎರಡೂ ಒಟ್ಟಿಗೆ ಆಗಿ, ಯಾವುದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದಾಯಿತು. ಬೆರಳು ಜೋಮು ಹಿಡಿಯಿತು. ಬೆರಳು ತನ್ನದೋ ಮೆಕ್ಯಾನಿಕ್‌ನದೋ ಎಂಬ ಅನುಮಾನ ಬಂತು.

“ಅಕ್ಕಾ!” ಎಂದು ಕೂಗಿದ.

ಅಕ್ಕ ಬಂದಳು. ಅವಳ ಹಿಂದೆ, ಕರೆಯದೆಯೇ, ಮೇಷ್ಟ್ರೂ ಬಂದರು. ಇಬ್ಬರೂ ಬಗ್ಗಿ ಗಾಜನ್ನು ನೋಡಿದರು.

“ಹಾಳಾದ ಸಿಮೆಂಟು ಇರ್ಬೇಕು,” ಅಂದಳು ಅಕ್ಕ.

“ಹಾಳಾಗಿಲ್ಲಮ್ಮ, ಚಳಿ ಆಗ್ತಿದೆ ಅದಕ್ಕೆ,” ಅಂದರು ಮೇಷ್ಟ್ರು, ಸೆಟ್ಟನ್ನು ನಾಲಗೆಯಿಂದ ಒತ್ತಿಕೊಂಡು. “ಇದೂ ಒಂದು ರಾಸಾಯನಿಕ ಕ್ರಿಯೆ. ಶಾಖ ಇಲ್ದೆ ಅದಕ್ಕೆ ಮೈ ಬಗ್ಗಲ್ಲ. ನನ್ನ ಹಿಂದಿನ ಬೆಂಚಿನ ಹುಡುಗರ ಥರ.”

“ಹಾಗಾದ್ರೆ ಏಸಿ ನಿಲ್ಲಿಸ್ಬೇಕು.”

“ನಿಲ್ಲಿಸೋರು ಯಾರು?”

“ಮೆಕ್ಯಾನಿಕ್.”

“ಮೆಕ್ಯಾನಿಕ್ ಎಲ್ಲಿ?”

ಮೂವರೂ ಕುರ್ಚಿಯತ್ತ ನೋಡಿದರು. ಮೆಕ್ಯಾನಿಕ್ ಅವರತ್ತ ನೋಡಿದ.

ಚಿಕ್ಕ ಡಾಕ್ಟರನ ತಲೆಯೊಳಗೆ ಏನೋ ಗಿರ್ರನೆ ಸುತ್ತಿತು. ಸಿಮೆಂಟು ಗಟ್ಟಿಯಾಗದೆ ಬೆರಳು ತೆಗೆಯುವಂತಿಲ್ಲ. ಬೆರಳು ತೆಗೆಯದೆ ಮೆಕ್ಯಾನಿಕ್ ಏಳುವಂತಿಲ್ಲ. ಮೆಕ್ಯಾನಿಕ್ ಏಳದೆ ಏಸಿ ನಿಲ್ಲುವುದಿಲ್ಲ. ಏಸಿ ನಿಲ್ಲದೆ ಸಿಮೆಂಟು ಗಟ್ಟಿಯಾಗುವುದಿಲ್ಲ. ಅವನು ಇದನ್ನು ಎರಡು ಸಲ ಮೊದಲಿನಿಂದ, ಒಂದು ಸಲ ಕೊನೆಯಿಂದ ಯೋಚಿಸಿದ. ಯಾವ ಕಡೆಯಿಂದ ಹೊರಟರೂ ಬೆರಳು ಬಾಯೊಳಗೇ ಇರುತ್ತಿತ್ತು.

ಅಷ್ಟರಲ್ಲಿ ಮೆಕ್ಯಾನಿಕ್ ಗಾಳಿಯಲ್ಲಿ ಬರೆಯುವಂತೆ ಕೈ ಆಡಿಸಿದ.

“ಒಪ್ಪಿಗೆ ಪತ್ರಕ್ಕೆ ಸಹಿ ಆಮೇಲೆ ಮಾಡಿದ್ರೆ ಸಾಕು, ಏನೂ ಅವಸರ ಇಲ್ಲ,” ಅಂದಳು ಅಕ್ಕ.

ಅವನು ತಲೆ ಅಲ್ಲಾಡಿಸಲಾಗದೆ, ಕೈಯಿಂದ ಏನನ್ನೋ ಹಿಡಿದು ಕಿತ್ತಂತೆ ಮಾಡಿದ. ಮತ್ತೆ ಕಿತ್ತ. ಮತ್ತೆ.

“ಏಸಿ ಕಿತ್ತು ಹಾಕಿ ಅಂತಿದಾನೆ,” ಅಂದರು ಮೇಷ್ಟ್ರು.

ಮೆಕ್ಯಾನಿಕ್ ಆ ಕೈಯನ್ನೇ ತನ್ನ ಅಂಗಿಯ ಜೇಬಿನ ಮೇಲೆ ಪಟಪಟ ಬಡಿದುಕೊಂಡ.

“ಅಯ್ಯೋ, ಎದೆನೋವು!” ಎಂದು ಮೇಷ್ಟ್ರು ಹಾರಿಬಿದ್ದರು. “ಎಡಗಡೆ ತೋರಿಸ್ತಿದಾನೆ! ಗಾಳಿ ಬಿಡಿ, ಗಾಳಿ ಬಿಡಿ!”

“ಇರೋ ಗಾಳಿನೇ ಹೆಚ್ಚಾಗಿದೆ ಮೇಷ್ಟ್ರೇ. ಜೇಬು ತೋರಿಸ್ತಿದಾರೆ ಅವ್ರು.” ಅಕ್ಕ ಜೇಬಿಗೆ ಕೈ ಹಾಕಿದಳು. ಒಂದು ಬೀಗದಕೈ ಗೊಂಚಲು ಬಂತು. ಅದರ ಜೊತೆ ಮಡಿಸಿದ ಒಂದು ಕಾಗದವೂ ಬಂತು. ಬೀಗದಕೈಯ ಬಿಲ್ಲೆಯ ಮೇಲೆ ‘ನೆಲಮಾಳಿಗೆ’ ಎಂದಿತ್ತು. ಅಕ್ಕನ ಮುಖ ಅರಳಿತು. “ನೋಡಿದ್ರಾ! ಬಾಯಿಲ್ದಿದ್ರೂ ಬುದ್ಧಿವಂತ. ಏಸಿ ಕೋಣೆ ಬೀಗದಕೈ!” ಕಾಗದವನ್ನು ಗಾಜಿನ ಪಕ್ಕ ಮೇಜಿನ ಮೇಲೆ ಎಸೆದು, ಬೀಗದಕೈ ಹಿಡಿದು ಮೆಟ್ಟಿಲಿಳಿದು ಓಡಿದಳು.

“ಆಆಆಂ!” ಎಂದು ಮೆಕ್ಯಾನಿಕ್ ಕಾಗದದತ್ತ ಬೆರಳು ತೋರಿಸಿದ.

“ಹೂಂ ಹೂಂ, ಹೋದ್ಲು, ಹೋದ್ಲು,” ಎಂದು ಮೇಷ್ಟ್ರು ಅವನ ಮೊಣಕಾಲು ಸವರಿದರು.

ಮೆಕ್ಯಾನಿಕ್‌ನ ಫೋನು ರಿಂಗಾಯಿತು. ಮೇಷ್ಟ್ರು ಹಿಂದೆಮುಂದೆ ನೋಡದೆ ಎತ್ತಿದರು. ಅವನ ಹೆಂಡತಿ.

“ಇಲ್ಲೇ ಇದಾರಮ್ಮ, ಬಾಯಲ್ಲಿ ಡಾಕ್ಟ್ರ ಬೆರಳಿದೆ... ಇಲ್ಲಮ್ಮ, ಕಚ್ಚಿಲ್ಲ... ಏನು? ಜೇಬಲ್ಲಿ ಇಟ್ಟಿದ್ದನ್ನ ಕೊಟ್ರಾ ಅಂತಾನಾ? ಕೊಟ್ರು, ಕೊಟ್ರು, ಅದನ್ನ ತಗೊಂಡೇ ನಮ್ಮಕ್ಕ ಕೆಳಗೆ ಓಡಿದ್ದು. ಚಿಂತೆ ಬಿಡಿ.” ಫೋನು ಇಟ್ಟು ಮೆಕ್ಯಾನಿಕ್‌ಗೆ ಹೇಳಿದರು: “ನಿಮ್ಮ ಮನೆಯವ್ರು ತುಂಬಾ ಜವಾಬ್ದಾರಿ ಹೆಂಗಸು ಕಣ್ರೀ. ಬೀಗದಕೈ ವಿಷಯ ಕೂಡ ನೆನಪಿಟ್ಟಿದಾರೆ.”

ಮೆಕ್ಯಾನಿಕ್‌ನ ಎಡಗಣ್ಣಿನಿಂದ ಒಂದು ಹನಿ ಇಳಿಯಿತು. ಚಿಕ್ಕ ಡಾಕ್ಟರ್ ಅದನ್ನು ಹತ್ತಿಯಿಂದ ಒರೆಸಿದ. ಜೊಲ್ಲಿನ ಕೊಳವೆ ಗೊರಗೊರ ಅಂದಿತು.

ಆಗ ಮೇಲಿನ ಕಿಂಡಿಯಲ್ಲಿ ಗುಡುಗಿನಂಥ ಸದ್ದಾಯಿತು. ಗಾಳಿ ಎರಡರಷ್ಟಾಯಿತು. ಅಕ್ಕ ಏದುಸಿರು ಬಿಡುತ್ತಾ ಬಂದಳು, ಕೈಯಲ್ಲಿ ಒಂದು ಕೆಂಪು ಗುಂಡಿ.

“ಏನೋ ಒತ್ತಿದೆ. ಅದು ಒಳಗೆ ಹೋಗಲ್ಲ ಅಂತು. ಜೋರಾಗಿ ಒತ್ತಿದೆ. ಕೈಗೇ ಬಂತು.”

ಮೆಕ್ಯಾನಿಕ್ ಕೆಂಪು ಗುಂಡಿಯನ್ನು ನೋಡಿ ಕಣ್ಣು ಮುಚ್ಚಿಕೊಂಡ.

*

ದರ್ಜಿಯನ್ನು ಯಾರು ಕರೆದರು ಎಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಪಕ್ಕದ ಮಳಿಗೆಯವನು, ಗದ್ದಲವಾದ ಕಡೆ ಇರುವುದನ್ನು ತನ್ನ ಧರ್ಮವೆಂದುಕೊಂಡವನು. ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದು, ವಿಷಯವನ್ನೆಲ್ಲ ಕೇಳಿ, ಮೆಕ್ಯಾನಿಕ್‌ನ ತೆರೆದ ಬಾಯನ್ನು ಅಳತೆ ತೆಗೆಯುವವನಂತೆ ದಿಟ್ಟಿಸಿ ನೋಡಿದ.

“ಶಾಖ ತಾನೆ ಬೇಕಾಗಿರೋದು? ಅದಕ್ಕೆ ಇಷ್ಟೊಂದು ಜನ ಯಾಕ್ರೀ? ಇಸ್ತ್ರಿಪೆಟ್ಟಿಗೆ ತರ್ತೀನಿ.”

“ಬಾಯಿಗಾ?” ಎಂದು ಚಿಕ್ಕ ಡಾಕ್ಟರ್ ನಡುಗಿದ.

“ಗಾಜಿಗೆ ಸ್ವಾಮೀ! ಗಾಜಿಗೆ!”

ಗಾಜಿಗೆ ಶಾಖ ಕೊಟ್ಟರೆ ಬಾಯಿಗೇನು ಲಾಭ ಎಂದು ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಗಾಜಿನ ಮೇಲಿನ ಬಟಾಣಿಯನ್ನು ಅಷ್ಟು ಹೊತ್ತು ನೋಡಿ ನೋಡಿ, ಈ ಲೋಕದಲ್ಲಿ ಗಟ್ಟಿಯಾಗಬೇಕಾದದ್ದು ಅದೊಂದೇ ಎಂಬಂತೆ ಎಲ್ಲರಿಗೂ ಆಗಿಹೋಗಿತ್ತು.

ದರ್ಜಿ ಇಸ್ತ್ರಿಪೆಟ್ಟಿಗೆ ತಂದು, ತಂತಿ ಚುಚ್ಚಿ, ರೇಷ್ಮೆಗೆ ಇಡುವಷ್ಟು ಶಾಖ ಇಟ್ಟು, ಅದನ್ನು ಅಂಗಾತ ಮಲಗಿಸಿದ. “ನೇರ ಇಟ್ರೆ ಸೀದುಹೋಗುತ್ತೆ. ಮಧ್ಯೆ ಏನಾದ್ರೂ ಬೇಕು,” ಎನ್ನುತ್ತಾ ಮೇಜಿನ ಮೇಲೆ ಕಂಡ ಕಾಗದವನ್ನು ಎತ್ತಿ, ಮಡಿಕೆ ಬಿಡಿಸಿ, ಇಸ್ತ್ರಿಪೆಟ್ಟಿಗೆಯ ಮೇಲೆ ಹಾಸಿ, ಅದರ ಮೇಲೆ ಗಾಜನ್ನು ಇಟ್ಟ.

“ಆಆಆಆಂ! ಆಂ! ಆಂ!” ಮೆಕ್ಯಾನಿಕ್ ಎರಡೂ ಕೈಯೆತ್ತಿ ಬಡಿದಾಡಿದ.

“ಹೆದರ್ಬೇಡಿ, ಸುಡಲ್ಲ. ಮದುವಣಗಿತ್ತಿ ಸೀರೆನೇ ಸುಟ್ಟಿಲ್ಲ ನಾನು,” ಅಂದ ದರ್ಜಿ.

ನಾಲ್ಕು ತಲೆಗಳು ಗಾಜಿನ ಮೇಲೆ ಬಾಗಿದವು. ಚಿಕ್ಕ ಡಾಕ್ಟರನ ತಲೆ ಮಾತ್ರ ದೂರದಿಂದ, ಕೊಕ್ಕರೆಯ ಹಾಗೆ ಕತ್ತು ಉದ್ದ ಮಾಡಿಕೊಂಡು. ಅರ್ಧ ನಿಮಿಷ. ಮುಕ್ಕಾಲು ನಿಮಿಷ. ಮೇಷ್ಟ್ರು ಕಡ್ಡಿ ತೆಗೆದುಕೊಂಡು ಪ್ರಯೋಗಶಾಲೆಯ ಗಾಂಭೀರ್ಯದಿಂದ ಕುಟ್ಟಿದರು.

ಟಕ್.

ಕೋಣೆಯಲ್ಲಿ ಜಯಘೋಷವಾಯಿತು. ಅಕ್ಕ ಚಪ್ಪಾಳೆ ತಟ್ಟಿದಳು. ಚಿಕ್ಕ ಡಾಕ್ಟರ್ ಒಂದು ದೀರ್ಘ ಉಸಿರು ಬಿಟ್ಟು, ಮೆಲ್ಲಗೆ ಬೆರಳು ಎತ್ತಿದ.

ಬೆರಳು ಬರಲಿಲ್ಲ.

ಇನ್ನೊಂದು ಸಲ ಎತ್ತಿದ. ಬೆರಳಿನ ಜೊತೆ ಮೆಕ್ಯಾನಿಕ್‌ನ ತಲೆಯೂ ಎದ್ದು ಬಂತು. ಇಳಿಸಿದ, ತಲೆಯೂ ಇಳಿಯಿತು. ಗವಸಿನ ತುದಿಯ ಮಡಿಕೆಯೊಂದು ಕ್ಯಾಪು ಮತ್ತು ಪಕ್ಕದ ಹಲ್ಲಿನ ನಡುವೆ ಸಿಕ್ಕಿ, ಹೊರಗೆ ಉಕ್ಕಿದ ಸಿಮೆಂಟಿನಲ್ಲಿ ಕಲ್ಲಾಗಿ ಕೂತಿತ್ತು.

“ಈಗ ಟಕ್ ಅಂದಿದ್ದು ಇಷ್ಟು ಬೇಗ ಅಂಟಿತಾ?” ಅಂದಳು ಅಕ್ಕ.

ಮೇಷ್ಟ್ರು ಕಡ್ಡಿಯನ್ನು ಕೆಳಗಿಟ್ಟರು. ನಲವತ್ತು ವರ್ಷ ಪಾಠ ಹೇಳಿದವರ ಮುಖದಲ್ಲಿ ತಮ್ಮ ಪಾಠ ತಮಗೇ ಅರ್ಥವಾದಾಗ ಬರುವ ಒಂದು ಕಳೆ ಬಂತು. “ಡಾಕ್ಟ್ರೇ, ಮನುಷ್ಯನ ಬಾಯಿ ಎಷ್ಟು ಡಿಗ್ರಿ?”

“ಮೂವತ್ತೇಳು. ಸುಮಾರಾಗಿ.”

“ಏಸಿ ಯಂತ್ರ ಬಾಯೊಳಗೇನೂ ಇಲ್ವಲ್ಲ? ಅಲ್ಲಿ ಐದು ನಿಮಿಷಕ್ಕೇ ಕಲ್ಲಾಗಿದೆ! ನಾವು ಒಂದು ಗಂಟೆಯಿಂದ ಗಾಜಿನ ಚಳಿ ನೋಡ್ಕೊಂಡು ಬಾಯಿಗೆ ಕಂಬಳಿ ಹೊದಿಸ್ತಾ ಕೂತಿದೀವಿ.” ಆಮೇಲೆ ಏನೋ ಹೊಳೆದವರಂತೆ ಹುಬ್ಬು ಗಂಟಿಕ್ಕಿದರು. “ಇರಿ, ಇರಿ. ಇಷ್ಟು ದಿನ ಈ ಗಾಜು ಎಲ್ಲಿಡ್ತಿದ್ರಿ?”

“ಉಪಕರಣ ಬೇಯಿಸೋ ಸ್ಟೆರಿಲೈಜರ್ ಮುಚ್ಚಳದ ಮೇಲೆ. ಕೈಗೆ ಸಿಗೋ ಹಾಗೆ.”

“ಬಿಸಿ?”

“ಕಾದಿರುತ್ತೆ.”

“ಗಾಜು ಕಾದಿದ್ರೆ ಅಲ್ಲಿ ಒಂದೂವರೆ ನಿಮಿಷಕ್ಕೆ ಟಕ್. ಬಾಯಲ್ಲಿ ಇನ್ನೂ ಅಂಬಲಿ. ನೀವು ಬೆರಳು ತೆಗೀತಿದ್ರಿ...”

“ಅದಕ್ಕೇ ಬೀಳ್ತಿತ್ತು!” ಎಂದು ಚಿಕ್ಕ ಡಾಕ್ಟರ್ ಕೂಗಿದ. ದೊಡ್ಡ ಡಾಕ್ಟರಮ್ಮ ತಮ್ಮ ಗಾಜನ್ನು ಮೇಜಿನ ಖಾನೆಯಲ್ಲಿ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಜಾಗದಲ್ಲಿ ಇಡುತ್ತಿದ್ದದ್ದು ಅವನಿಗೆ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಮೂರು ತಿಂಗಳ ಮಬ್ಬು ಒಂದೇ ಕ್ಷಣದಲ್ಲಿ ಹರಿಯಿತು. ಹಾರ್ಮೋನಿಯಂ, ನ್ಯಾಯಾಧೀಶರ ಮೇಜು, ಮಾವನ ಉಂಗುರದ ಡಬ್ಬಿ, ಎಲ್ಲಕ್ಕೂ ಅರ್ಥ ಬಂತು. ಇನ್ನೊಬ್ಬನ ಬಾಯಿಗೆ ಅಂಟಿಕೊಂಡು ನಿಂತಿದ್ದರೂ ಅವನಿಗೆ ಅಳುವಷ್ಟು ಸಂತೋಷವಾಯಿತು.

“ಸಂತೋಷ ಆಮೇಲೆ ಪಡಿ. ಗವಸಿಂದ ಕೈ ಎಳ್ಕೊಳ್ಳಿ,” ಅಂದ ದರ್ಜಿ. ಅವನು ಚಿಕ್ಕ ಡಾಕ್ಟರನ ಸೊಂಟ ಹಿಡಿದ, ಅಕ್ಕ ದರ್ಜಿಯ ಟೇಪು ಹಿಡಿದಳು, ಮೇಷ್ಟ್ರು “ಒಂದು, ಎರಡು” ಎಂದು ಎಣಿಸಿದರು. ‘ಮೂರು’ ಅನ್ನುವ ಮೊದಲೇ ಕೈ ಪಚಕ್ಕನೆ ಗವಸಿನಿಂದ ಜಾರಿ, ಮೂವರೂ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದರು. ಮೆಕ್ಯಾನಿಕ್‌ನ ಬಾಯಿಂದ ನೀಲಿ ಗವಸು ಹಸುವಿನ ಕೆಚ್ಚಲಿನಂತೆ ನೇತಾಡಿತು. ಏಸಿಯ ಗಾಳಿಗೆ ಅದರ ಉಳಿದ ನಾಲ್ಕು ಬೆರಳು ಎಲ್ಲರಿಗೂ ಟಾಟಾ ಮಾಡಿದವು.

ಬಾಗಿಲಲ್ಲಿ ದೊಡ್ಡ ಡಾಕ್ಟರಮ್ಮ ನಿಂತಿದ್ದರು.

*

ಅವರು ನೆಲದ ಮೇಲಿದ್ದವರನ್ನು ನೋಡಿದರು. ಇಸ್ತ್ರಿಪೆಟ್ಟಿಗೆ ನೋಡಿದರು. ಗವಸು ನೋಡಿದರು. ಕೈ ತೊಳೆದು ಬಂದು, ಕತ್ತರಿಯಿಂದ ಗವಸನ್ನು ಬುಡಕ್ಕೆ ಕತ್ತರಿಸಿ, ಅಂಚಿನ ಸಿಮೆಂಟನ್ನು ಕೆರೆದು, ಕೊಕ್ಕೆ ಹಾಕಿ ಕ್ಯಾಪನ್ನು ಎಳೆದರು. ಇಕ್ಕಳ ಹಾಕಿ ಎಳೆದರು. ಕ್ಯಾಪು ಎಬ್ಬಿಸುವ ಪುಟ್ಟ ಸುತ್ತಿಗೆಯಿಂದ ಒಂದು, ಎರಡು, ಮೂರು ಪೆಟ್ಟು ಕೊಟ್ಟರು. ಮೆಕ್ಯಾನಿಕ್ ಅಲ್ಲಾಡಿದ, ಕುರ್ಚಿ ಅಲ್ಲಾಡಿತು, ಕ್ಯಾಪು ಅಲ್ಲಾಡಲಿಲ್ಲ.

ಮೂರು ತಿಂಗಳಲ್ಲಿ ಮೊದಲ ಸಲ ಅವರು ಚಿಕ್ಕ ಡಾಕ್ಟರನನ್ನು ನೋಡಿ ನಕ್ಕರು.

“ಕೆಲಸ ಅಂದ್ರೆ ಇದಪ್ಪ. ನಾನು ಕೂರಿಸಿದ್ದೂ ಇಷ್ಟು ಗಟ್ಟಿ ಇರಲ್ಲ.”

ಚೀಲದಿಂದ ಕಾಯಂ ಪತ್ರ ತೆಗೆದರು. ಪೆನ್ನಿನ ಮುಚ್ಚಳ ತೆಗೆದರು. ಚಿಕ್ಕ ಡಾಕ್ಟರನ ಮನಸ್ಸು ಆಗಲೇ ಮನೆಗೆ ಹೋಗಿ ತಾಯಿಗೆ ಹೇಳಿ, ಅಲ್ಲಿಂದ ಮಾವನ ಮನೆಗೆ ಹೋಗಿ ಉಂಗುರದ ಡಬ್ಬಿಯನ್ನು ಕಿತ್ತುಕೊಂಡು ಆಗಿತ್ತು.

“ಗಾಜಲ್ಲಿ ಟಕ್ ಅಂತಾ?” ಎನ್ನುತ್ತಾ ದೊಡ್ಡ ಡಾಕ್ಟರಮ್ಮ ಗಾಜನ್ನು ಕೈಗೆತ್ತಿಕೊಂಡರು. ಅದರ ಕೆಳಗೆ, ಶಾಖಕ್ಕೆ ಸ್ವಲ್ಪ ಕಂದಾಗಿ, ಕಾಗದ ಅಂಟಿಕೊಂಡು ಬಂತು. ಗಾಜಿನ ಮೂಲಕ ಅಕ್ಷರ ದಪ್ಪದಪ್ಪಗೆ, ಸ್ಪಷ್ಟವಾಗಿ ಕಾಣುತ್ತಿತ್ತು. “ಇದು ನಮ್ಮ ಬೇರಿನ ಡಾಕ್ಟ್ರ ಅಕ್ಷರ ಅಲ್ವಾ?”

ಹಲ್ಲಿನ ಬೇರಿನ ಚಿಕಿತ್ಸೆ ಮಾಡಲು ಸಾಮಾನ್ಯವಾಗಿ ಬುಧವಾರ ಸಂಜೆ ಬರುವ ಡಾಕ್ಟರೊಬ್ಬರಿದ್ದರು. ನಿನ್ನೆ ಬುಧವಾರವಾಗಿತ್ತು. ದೊಡ್ಡ ಡಾಕ್ಟರಮ್ಮ ಗಟ್ಟಿಯಾಗಿ ಓದಿದರು:

“‘ಇವರ ಬೇರಿನ ಚಿಕಿತ್ಸೆ ಅರ್ಧ ಆಗಿದೆ. ಒಳಗೆ ಔಷಧಿ ಇಟ್ಟಿದ್ದೇನೆ. ಒಂದು ದಿನದ ಮಟ್ಟಿಗೆ ಕ್ಯಾಪನ್ನು ತಾತ್ಕಾಲಿಕ ಸಿಮೆಂಟಿನಲ್ಲಿ ಕೂರಿಸಿ. ಗಟ್ಟಿ ಸಿಮೆಂಟು ಖಂಡಿತ ಬೇಡ. ನಾಳಿದ್ದು ಬೆಳಿಗ್ಗೆ ಹತ್ತಕ್ಕೆ ಬಂದು ತೆಗೆಯುತ್ತೇನೆ.’”

ಮೆಕ್ಯಾನಿಕ್ ಬಾಯೊಳಗಿನ ರಬ್ಬರಿನ ತುಂಡನ್ನು ಉಗಿದು, ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತ ಇತ್ತ ತಿರುಗಿಸಿ ಸರಿಮಾಡಿಕೊಂಡು, ಕುರ್ಚಿಗೆ ಒರಗಿದ ಮೇಲಿನ ಮೊದಲ ಪೂರ್ತಿ ವಾಕ್ಯ ಹೇಳಿದ:

“ಅದನ್ನೇ ನಾನು ಒಂದು ಗಂಟೆಯಿಂದ ಹೇಳ್ತಿದ್ದೆ.”

ಅಕ್ಕ ತನ್ನ ಕೈಯಲ್ಲಿದ್ದ ಕೆಂಪು ಗುಂಡಿಯನ್ನು ಕೋಟಿನ ಜೇಬಿಗೆ ಇಳಿಬಿಟ್ಟಳು. ದರ್ಜಿ ಇಸ್ತ್ರಿಪೆಟ್ಟಿಗೆಯ ತಂತಿ ಸುತ್ತತೊಡಗಿದ. ದೊಡ್ಡ ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಅದು ಸಣ್ಣಗೆ ‘ಟಕ್’ ಅಂದಿತು.

“ನಾಳೆ ಹತ್ತಕ್ಕೆ ಬೇರಿನ ಡಾಕ್ಟ್ರು ಬರ್ತಾರೆ,” ಅಂದರು. “ಅಷ್ಟೊತ್ತಿಗೆ ಆ ಕ್ಯಾಪು ಬಾಯಿಂದ ಆಚೆ ಬಂದಿರಬೇಕು. ಕೊಯ್ಯೋ ಹಾಗಿಲ್ಲ, ಒಳಗಿನ ಹಲ್ಲು ಉಳೀಬೇಕು. ಬಂದ್ರೆ ಸಹಿ.”

“ಹೇಗೆ ಮೇಡಂ?” ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

“ಇಷ್ಟು ದಿನ ಹೇಗೆ ಬೀಳಿಸ್ತಿದ್ದೆಯೋ ಹಾಗೆ.”

ಅವರು ತಮ್ಮ ಕೋಣೆಗೆ ಹೋದರು. ಚಿಕ್ಕ ಡಾಕ್ಟರ್ ಸ್ಟೂಲಿನ ಮೇಲೆ ಕುಸಿದು ಕೂತ. ಈಗ ತಾನೆ ಹರಿದ ಮಬ್ಬು ತನ್ನ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ವಾಪಸು ಬಂತು. ಬೀಳಬಾರದ ಮೂರೂ ಬಿದ್ದಿದ್ದವು. ಬೀಳಬೇಕಾದದ್ದು ಒಂದೇ ಒಂದು, ಅದು ಎದುರಿಗೆ ಕೂತು ದವಡೆ ಉಜ್ಜಿಕೊಳ್ಳುತ್ತಿತ್ತು.

“ಹೋಗ್ಲಿ ಬಿಡಿ ಡಾಕ್ಟ್ರೇ,” ಎಂದು ಮೆಕ್ಯಾನಿಕ್ ಅವನ ಭುಜ ತಟ್ಟಿದ. “ನಿಮ್ಮ ಕೈಗುಣದ ಬಗ್ಗೆ ನಾನೂ ಕೇಳಿದೀನಿ. ರಾತ್ರಿಯೊಳಗೆ ತಾನಾಗೇ ಬಿದ್ರೂ ಬೀಳಬಹುದು. ನಂಬಿಕೆ ಇಡಿ.”

ಚಿಕ್ಕ ಡಾಕ್ಟರ್ ತಟ್ಟನೆ ತಲೆ ಎತ್ತಿದ. ಅವನ ಕಣ್ಣಲ್ಲಿ ಮುಳುಗುವವನಿಗೆ ಹಗ್ಗ ಕಂಡಂಥ ಒಂದು ಹೊಳಪು. ಸ್ಟೂಲನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡ.

“ನಿಮಗೆ ಕೋರ್ಟಿನ ಗುಮಾಸ್ತರ ಕತೆ ಗೊತ್ತಾ?”

“ಇಲ್ಲ.”

“ಕೇಳಿ. ಚೆನ್ನಾಗಿ ಬಾಯಿ ತೆಗೆದು ಕೇಳಿ.”

ಅವನು ಹೇಳಿದ. ಜೀವಮಾನದಲ್ಲಿ ಯಾವ ಕತೆಯನ್ನೂ ಅಷ್ಟು ಆಸೆಯಿಂದ ಹೇಳಿರಲಿಲ್ಲ. ಗುಮಾಸ್ತರಂತೆ ಎದ್ದು ನಿಂತು ಕೂಗಿದ, ಕ್ಯಾಪಿನಂತೆ ಹಾರಿದ, ನ್ಯಾಯಾಧೀಶರಂತೆ ಕನ್ನಡಕದ ಮೇಲಿಂದ ನೋಡಿ ಹಲ್ಲಿಗೆ ನಂಬರು ಕೊಟ್ಟ. ಮೆಕ್ಯಾನಿಕ್ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೀರು ಸುರಿಸಿ, ಕುರ್ಚಿಯ ಕೈ ಬಡಿದು, ಕಿರುನಾಲಗೆ ಕಾಣುವಂತೆ ನಕ್ಕ. ಚಿಕ್ಕ ಡಾಕ್ಟರ್ ಎರಡೂ ಕೈಯನ್ನು ಬೊಗಸೆ ಮಾಡಿ ಅವನ ಗಲ್ಲದ ಕೆಳಗೆ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಕಾದ. ತೆರೆದ ಬಾಯೊಳಗೆ, ಮೇಲಿನ ಸಾಲಿನ ಬಲಗಡೆ, ಕ್ಯಾಪು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಹೊಳೆಯುತ್ತಿತ್ತು.

ಬೊಗಸೆಯಲ್ಲಿ ಕೊನೆಗೂ ಏನೋ ಬಂದು ಬಿತ್ತು. ಪಕ್ಕದಲ್ಲಿ ನಿಂತು ನಗುತ್ತಿದ್ದ ಮೇಷ್ಟ್ರ ಹಲ್ಲಿನ ಸೆಟ್ಟು.